ಬಿಲಕ್ಕೆಂದೇ ಹುಟ್ಟಿದ ನಾಯಿ: ಉತ್ತರ ಕನ್ನಡದ ಮನೆಗಳಲ್ಲಿ ಜಾಕ್ ರಸೆಲ್ ಸಾಕುವ ಬಗೆ

ಬಿಳಿ ಮೈ, ಮುಖದ ಮೇಲೆ ಕಂದು ಇಲ್ಲವೇ ಕಪ್ಪು ಮಚ್ಚೆ, ಮುಂದಕ್ಕೆ ಮಡಚಿದ ಕಿವಿ, ಒಂದು ಗಳಿಗೆ ಸುಮ್ಮನಿರದ ಕಾಲು. ಜಾಕ್ ರಸೆಲ್ ಟೆರಿಯರ್ ಮರಿಯನ್ನು ಕಂಡವರಿಗೆ ಮನೆಗೆ ತರಬೇಕು ಅನ್ನಿಸುವುದು ಸಹಜ. ಮಾರುವವರೂ ಹುರಿದುಂಬಿಸುತ್ತಾರೆ: ಚಿಕ್ಕ ನಾಯಿ, ಕಡಿಮೆ ಊಟ, ಎರಡು ಕೋಣೆಯ ಮನೆಯಲ್ಲೂ ಇರುತ್ತದೆ. ಭುಜದವರೆಗೆ 25ರಿಂದ 30 ಸೆಂಟಿಮೀಟರ್ ಎತ್ತರ, ಐದಾರು ಕಿಲೋ ತೂಕ. ಅಷ್ಟರ ಮಟ್ಟಿಗೆ ಅವರ ಮಾತು ನಿಜ. ಆದರೆ ಮಡಿಲಲ್ಲಿ ಕೂರಿಸಿಕೊಳ್ಳಲಿಕ್ಕೆ ಯಾರೂ ಈ ತಳಿಯನ್ನು ಬೆಳೆಸಲಿಲ್ಲ. ಬೇಟೆಯ ದಿನ ಕುದುರೆಗಳ ಹಿಂದೆ ಓಡಿ, ಕೊನೆಗೆ ಮಣ್ಣಿನೊಳಗಿನ ಬಿಲಕ್ಕೆ ನುಗ್ಗಿ, ಕತ್ತಲಲ್ಲಿ ನರಿಯ ಎದುರು ಒಂಟಿಯಾಗಿ ನಿಲ್ಲಲಿ ಎಂದು ಬೆಳೆಸಿದರು. ಅದರ ಒಳ್ಳೆಯ ಗುಣ, ನಮ್ಮನ್ನು ಸುಸ್ತು ಮಾಡುವ ಗುಣ ಎರಡೂ ಬಂದಿದ್ದು ಆ ಬಿಲದಿಂದಲೇ.

ನಮ್ಮ ಜಿಲ್ಲೆಯಲ್ಲಿ ಬಿಲಗಳಿಗೇನೂ ಬರವಿಲ್ಲ. ಅವುಗಳೊಳಗೆ ಕೂತಿರುವುದು ಮಾತ್ರ ಇಂಗ್ಲೆಂಡಿನ ನರಿಯಲ್ಲ. ಆದ್ದರಿಂದ ಕಾರವಾರದಲ್ಲೋ ಶಿರಸಿಯಲ್ಲೋ ಈ ನಾಯಿ ಸಾಕುವವರಿಗೆ ಮುಖ್ಯವಾಗಿ ಎರಡು ಹೊಣೆ. ಬಿಲದ ಆಸೆಯನ್ನು ಬೇರೆ ಕೆಲಸದಲ್ಲಿ ತೀರಿಸಬೇಕು. ನಿಜವಾದ ಬಿಲದಿಂದ ಅದನ್ನು ದೂರ ಇಡಬೇಕು. ಮುಂದೆ ಹೇಳುವುದರಲ್ಲಿ ಹೆಚ್ಚಿನದೆಲ್ಲ ಈ ಎರಡಕ್ಕೇ ಸಂಬಂಧಪಟ್ಟದ್ದು.

ಮೊದಲು ಗುಣ ತಿಳಿಯಿರಿ

1819ರಲ್ಲಿ ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಜಾನ್ ರಸೆಲ್ ಎಂಬ ತರುಣ ಒಬ್ಬ ಹಾಲಿನವನಿಂದ ಟ್ರಂಪ್ ಎಂಬ ಹೆಣ್ಣು ಟೆರಿಯರನ್ನು ಕೊಂಡ. ಮುಂದೆ ಅವನು ಡೆವನ್ ಪ್ರಾಂತ್ಯದಲ್ಲಿ ಪಾದ್ರಿಯಾದ. ನರಿ ಬೇಟೆಯ ಹುಚ್ಚು ಮಾತ್ರ ಕೊನೆಯವರೆಗೂ ಬಿಡಲಿಲ್ಲ. 1873ರಲ್ಲಿ ಇಂಗ್ಲೆಂಡಿನ ಕೆನಲ್ ಕ್ಲಬ್ ಹುಟ್ಟಿದಾಗ ಅದನ್ನು ಕಟ್ಟಿದವರಲ್ಲಿ ಅವನೂ ಒಬ್ಬ. 1883ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವನು ಬೆಳೆಸಿದ ನಾಯಿಗಳಿಗೆ ಅವನದೇ ಹೆಸರು ಅಂಟಿಕೊಳ್ಳತೊಡಗಿತ್ತು. ಮಣ್ಣು ಮೆತ್ತಿಕೊಂಡು ಬಿಲದಿಂದ ಹೊರಬಂದ ಕಂದು ನಾಯಿಯನ್ನು ದೊಡ್ಡ ಬೇಟೆನಾಯಿಗಳು ನರಿಯೆಂದೇ ತಿಳಿದು ಮೇಲೆ ಬೀಳಬಾರದು, ಅದಕ್ಕೇ ಬಿಳಿ ಬಣ್ಣ ಬೇಕಾಗಿತ್ತು. ಎದೆ ಎಷ್ಟು ಕಿರಿದಿರಬೇಕೆಂದರೆ ಮುಂಗಾಲಿನ ಹಿಂದೆ ಎರಡು ಅಂಗೈಗಳಲ್ಲಿ ಸುತ್ತಿ ಹಿಡಿದರೆ ಬೆರಳ ತುದಿಗಳು ಕೂಡಬೇಕು. ಅದಕ್ಕಿಂತ ದಪ್ಪಗಿದ್ದರೆ ಬಿಲದಲ್ಲಿ ಸಿಕ್ಕಿಕೊಳ್ಳುತ್ತದೆ.

ಬಿಲದೊಳಗೆ ಅದರ ಕೆಲಸ ನರಿಯನ್ನು ಕೊಲ್ಲುವುದಾಗಿರಲಿಲ್ಲ. ಎದುರು ನಿಂತು ಎಡೆಬಿಡದೆ ಬೊಗಳಿ ನರಿಯನ್ನು ಹೊರಗೆ ಓಡಿಸಬೇಕು. ಓಡದಿದ್ದರೆ ಮೇಲಿನವರು ಅಗೆಯುವವರೆಗೆ ಬೊಗಳುತ್ತಲೇ ಇರಬೇಕು, ಆ ಸದ್ದಿನ ಮೇಲೆ ತಾನೆಲ್ಲಿದ್ದೇನೆಂದು ತಿಳಿಸಬೇಕು. ಒಡೆಯನ ಕೈಸನ್ನೆ ಅಲ್ಲಿ ಕಾಣುವುದಿಲ್ಲ, ದನಿ ಸರಿಯಾಗಿ ಕೇಳುವುದಿಲ್ಲ. ಮುಂದೆ ಹೋಗಲೋ ನಿಲ್ಲಲೋ ಎಂಬುದನ್ನು ನಾಯಿಯೇ ತೀರ್ಮಾನಿಸಬೇಕು.

ಇಷ್ಟು ತಿಳಿದರೆ ಮನೆಯಲ್ಲಿ ಕಾಣುವುದೆಲ್ಲ ಅರ್ಥವಾಗುತ್ತದೆ. ಕರೆದರೆ ಒಂದು ಕ್ಷಣ ನಿಂತು, ನಿಮ್ಮ ಮುಖ ನೋಡಿ, ಮತ್ತೆ ತನ್ನ ಕೆಲಸಕ್ಕೆ ತಿರುಗುವುದು ಮೊಂಡುತನವಲ್ಲ. ಸ್ವಂತ ತೀರ್ಮಾನಕ್ಕೆಂದೇ ಆರಿಸಿ ಆರಿಸಿ ಬೆಳೆಸಿದ್ದರ ಫಲ. ಹೂವಿನ ಕುಂಡ ತೋಡುವುದು, ಮಂಚದಡಿ ಹೊದಿಕೆಯೊಳಗೆ ಹೊಕ್ಕು ಮಲಗುವುದು, ಅಟ್ಟದಲ್ಲಿ ಇಲಿ ಸದ್ದಾದರೆ ರಾತ್ರಿಯಿಡೀ ಕತ್ತೆತ್ತಿ ಬೊಗಳುವುದು, ತನಗಿಂತ ನಾಲ್ಕು ಪಟ್ಟು ದೊಡ್ಡ ನಾಯಿಯೆದುರು ಹೆಜ್ಜೆ ಹಿಂದಿಡದಿರುವುದು, ಎಲ್ಲದರ ಬೇರು ಅಲ್ಲೇ ಇದೆ. ಹೊಡೆದು ಬಡಿದು ಇದನ್ನು ಬಿಡಿಸುತ್ತೇವೆಂದು ಹೊರಟವರು ಕಚ್ಚುವ ನಾಯಿಯನ್ನು ತಯಾರು ಮಾಡುತ್ತಾರೆ. ಈ ತಳಿಯ ಮೇಲೆ ಕೈ ಎತ್ತಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ಮುಖವೂ ಇದೆ. ಮನೆಯವರ ಮೇಲೆ ಅದಕ್ಕೆ ಅಪಾರ ಅಕ್ಕರೆ. ಕಲಿಯುವುದು ಬೇಗ, ಮರೆಯುವುದು ಕಡಿಮೆ. ಹನ್ನೆರಡು ವರ್ಷದ ನಾಯಿಯೂ ಚೆಂಡು ಕಂಡರೆ ಮರಿಯ ಉತ್ಸಾಹದಲ್ಲಿ ಜಿಗಿಯುತ್ತದೆ. ಹದಿಮೂರರಿಂದ ಹದಿನಾರು ವರ್ಷ ಬಾಳುವ ತಳಿ ಇದು. ಅಂದರೆ ಈಗ ಒಂದನೇ ತರಗತಿಯಲ್ಲಿರುವ ಮಗಳು ಕಾಲೇಜು ಮುಗಿಸುವವರೆಗೂ ಅದರ ಹೊಣೆ ನಿಮ್ಮದು.

ತರುವ ಮೊದಲು

ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಹೊರಬಿದ್ದು ಸಂಜೆ ಆರಕ್ಕೆ ಬರುವ ಮನೆಯಾದರೆ ಈ ನಾಯಿ ಬೇಡ. ಅಂಗಳದಲ್ಲಿ ಕೋಳಿ ಬಿಟ್ಟು ಸಾಕುವವರು ಎರಡು ಸಲ ಯೋಚಿಸಿ. ಮನೆಯಲ್ಲಿ ಮೊದಲೇ ಇರುವ ಬೆಕ್ಕಿನ ಜೊತೆ ಮರಿಯಿದ್ದಾಗಿನಿಂದ ಬೆಳೆದರೆ ಹೊಂದಿಕೊಂಡೀತು. ಪಕ್ಕದ ಮನೆಯ ಬೆಕ್ಕಿಗೆ ಆ ರಿಯಾಯಿತಿ ಸಿಗುವುದಿಲ್ಲ. ಕಿವಿ ಬಾಲ ಎಳೆಯುವ ವಯಸ್ಸಿನ ಮಕ್ಕಳಿದ್ದರೆ ಮೂರ್ನಾಲ್ಕು ವರ್ಷ ಕಾಯುವುದು ಮೇಲು. ಮನೆ ಕಾಯಲು, ಅಂಗಳದಲ್ಲಿ ಓಡಾಡಿಕೊಂಡಿರಲು ನಾಯಿ ಬೇಕು ಅನ್ನುವವರಿಗೆ ನಮ್ಮ ನಾಡು ನಾಯಿಯಷ್ಟು ಒಗ್ಗುವುದು ಮತ್ತೊಂದಿಲ್ಲ. ಮಳೆ, ಸೆಕೆ, ಉಣುಗು ಎಲ್ಲವನ್ನೂ ಅದು ನಮಗಿಂತ ಚೆನ್ನಾಗಿ ಬಲ್ಲದು.

ತರುವುದೇ ಎಂದಾದರೆ ಎಂಟು ವಾರ ತುಂಬದ ಮರಿಯನ್ನು ತರಬೇಡಿ. ನಾಯಿ ಮರಿಗಳ ಮಾರಾಟಕ್ಕೆಂದು 2017ರಲ್ಲಿ ಬಂದ ಕೇಂದ್ರದ ನಿಯಮಗಳೂ ಅದಕ್ಕೆ ಮುಂಚೆ ಮಾರುವುದನ್ನು ನಿಷೇಧಿಸಿವೆ. ತಾಯಿಯನ್ನು ತೋರಿಸಿ ಎಂದು ಕೇಳಿ. ತಾಯಿ ಅಪರಿಚಿತರ ಹತ್ತಿರ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಯಾವ ಕಾಗದಪತ್ರಕ್ಕಿಂತ ಹೆಚ್ಚಿನದನ್ನು ಹೇಳುತ್ತದೆ. ಬಿಳಿ ಬಣ್ಣ ಹೆಚ್ಚಿರುವ ತಳಿಗಳಲ್ಲಿ ಹುಟ್ಟು ಕಿವುಡು ಕಾಣಿಸಿಕೊಳ್ಳುವುದುಂಟು. ಮರಿ ಬೇರೆ ಕಡೆ ನೋಡುತ್ತಿದ್ದಾಗ ಹಿಂದಿನಿಂದ ಚಪ್ಪಾಳೆ ತಟ್ಟಿ ನೋಡಿ. ಹಿಂಗಾಲಿನ ಮಂಡಿ ಚಿಪ್ಪು ಜಾರುತ್ತದೆಯೇ ಎಂದು ವೈದ್ಯರಿಂದ ಪರೀಕ್ಷೆ ಮಾಡಿಸಿ.

ಅಂಗಳ, ಬೇಲಿ, ಬಾವಿ

ಮರಿ ಬರುವ ಮುಂಚೆಯೇ ಮಾಡಬೇಕಾದ ಕೆಲಸ ಇದು. ಬೆಳೆದ ಜಾಕ್ ರಸೆಲ್ ಮನಸ್ಸು ಮಾಡಿದರೆ ಐದಡಿ ಗೋಡೆ ಹತ್ತಿ ದಾಟೀತು. ಹತ್ತಲಾಗದ್ದನ್ನು ಅಡಿಯಿಂದ ತೋಡಿ ದಾಟುತ್ತದೆ. ದಣಪೆ, ಮುಳ್ಳುಬೇಲಿ, ಸಾಲು ದಾಸವಾಳ ಯಾವುದೂ ತಡೆಯಲ್ಲ. ಮನೆಯ ಸುತ್ತಲಿನ ಸ್ವಲ್ಪ ಜಾಗಕ್ಕಾದರೂ ಆರಡಿ ಜಾಲರಿ ಹಾಕಿ, ಅದರ ಬುಡವನ್ನು ಒಂದೂವರೆ ಅಡಿ ಮಣ್ಣಿನೊಳಗೆ ಹೂಳಿ, ಮೇಲೆ ಚಿರೆಕಲ್ಲು ಜೋಡಿಸಿ. ಗೇಟಿನ ಕೆಳಗಿನ ಸಂದು ನಾಲ್ಕು ಬೆರಳಿಗಿಂತ ಹೆಚ್ಚಿರಬಾರದು.

ತೆರೆದ ಬಾವಿಗೆ ಬಲೆ ಹಾಕಿಸಿ. ಕರಾವಳಿಯ ಹಳೆ ಮನೆಗಳಲ್ಲಿ ಬಾವಿಕಟ್ಟೆ ಸೊಂಟದೆತ್ತರಕ್ಕೂ ಇರುವುದಿಲ್ಲ, ಅಳಿಲಿನ ಹಿಂದೆ ಓಡುವ ನಾಯಿ ಕಟ್ಟೆಯ ಆಚೆ ಏನಿದೆಯೆಂದು ನೋಡುವುದಿಲ್ಲ. ಅಡಿಕೆ ತೋಟವಿದ್ದರೆ ಇನ್ನಷ್ಟು ಎಚ್ಚರ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮೈಲುತುತ್ತ ಮತ್ತು ಸುಣ್ಣದ್ದು. ಡ್ರಮ್ಮಿನ ತಳದಲ್ಲಿ ಉಳಿದದ್ದನ್ನೋ, ಚೆಲ್ಲಿ ನಿಂತ ನೀರನ್ನೋ ನಾಯಿ ನೆಕ್ಕಿದರೆ ತಾಮ್ರದ ವಿಷ ಏರುತ್ತದೆ. ಔಷಧಿ ಹೊಡೆಯುವ ದಿನ ನಾಯಿ ಮನೆಯೊಳಗಿರಲಿ, ಡ್ರಮ್ಮು ತೊಳೆದು ಬೋರಲು ಹಾಕಿದ ಮೇಲೆ ಹೊರಬಿಡಿ. ಅಂಗಳದಲ್ಲಿ ಒಣಗಲು ಹರಡಿದ ಅಡಿಕೆಯೂ ಅದಕ್ಕೆ ಆಟದ ಸಾಮಾನಲ್ಲ. ಅಡಿಕೆಯಲ್ಲಿರುವ ಅರೆಕೊಲಿನ್ ಅಂಶವನ್ನು ಒಂದು ಕಾಲದಲ್ಲಿ ನಾಯಿಗಳ ಲಾಡಿಹುಳ ಕೆಡವಲು ಔಷಧಿಯಾಗಿ ಕೊಡುತ್ತಿದ್ದರು, ಅದರ ಕಾವು ಅಷ್ಟಿದೆ. ಹೆಚ್ಚು ತಿಂದರೆ ಜೊಲ್ಲು, ವಾಂತಿ, ಭೇದಿ; ಇಡಿ ಅಡಿಕೆ ನುಂಗಿದರೆ ಐದು ಕಿಲೋ ನಾಯಿಯ ಕರುಳಿನಲ್ಲಿ ಸಿಕ್ಕಿಕೊಳ್ಳಲೂಬಹುದು. ಮಾವಿನ ಗೊರಟಿನದೂ ಇದೇ ಕಥೆ. ಮೇ ತಿಂಗಳಲ್ಲಿ ಮರದಡಿ ಬಿದ್ದದ್ದನ್ನು ದಿನಾ ಹೆಕ್ಕಿ.

ಮೊದಲ ಮೂರು ತಿಂಗಳ ಪಾಠ

ಮರಿಗೆ ಒಂದು ಗೂಡು ಬೇಕು. ದೊಡ್ಡ ರಟ್ಟಿನ ಪೆಟ್ಟಿಗೆ, ಹಳೆ ಮರದ ಪೆಟ್ಟಿಗೆ ಏನಾದರೂ ಸರಿ. ಒಂದು ಬದಿ ತೆರೆದಿರಲಿ, ಒಳಗೆ ಹಳೆ ಪಂಚೆ ಹಾಸಿ. ಬಿಲದ ನಾಯಿಯಾದ್ದರಿಂದ ಕವಿದ ಜಾಗದಲ್ಲಿ ಅದಕ್ಕೆ ನೆಮ್ಮದಿ. ಅಲ್ಲಿ ಮಲಗಿದಾಗ ಮಕ್ಕಳು ಮುಟ್ಟಬಾರದು ಎಂಬ ನಿಯಮ ಮೊದಲ ದಿನವೇ ಆಗಿಬಿಡಲಿ. ದೀಪಾವಳಿ ಪಟಾಕಿಯ ರಾತ್ರಿಗಳಲ್ಲಿ, ಎರಡು ವರ್ಷಕ್ಕೊಮ್ಮೆ ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ ಬಂದು ಊರೆಲ್ಲ ಸದ್ದಾದಾಗ, ಈ ಗೂಡು ಅದನ್ನು ಕಾಪಾಡುತ್ತದೆ.

ಎರಡನೆಯದು ‘ಬಿಡು’. ಈ ನಾಯಿಗೆ ಕಲಿಸುವ ಮಾತುಗಳಲ್ಲಿ ಒಂದನ್ನೇ ಆರಿಸಿ ಎಂದರೆ ನಾನು ಇದನ್ನು ಆರಿಸುತ್ತೇನೆ. ಮುಷ್ಟಿಯಲ್ಲಿ ರೊಟ್ಟಿಯ ಚೂರು ಹಿಡಿದು ಮೂಗಿನ ಮುಂದೆ ಇಡಿ. ಮೂಸುತ್ತದೆ, ನೆಕ್ಕುತ್ತದೆ, ಕಾಲಿನಿಂದ ಕೆರೆಯುತ್ತದೆ. ಏನೂ ಮಾತಾಡದೆ ಕಾಯಿರಿ. ಬೇಸತ್ತು ಮೂಗು ಹಿಂದೆ ತೆಗೆದ ಆ ಕ್ಷಣವೇ ‘ಬಿಡು, ಜಾಣ’ ಎಂದು ಇನ್ನೊಂದು ಕೈಯಿಂದ ಮೊಟ್ಟೆಯ ಚೂರು ಕೊಡಿ. ಬಿಟ್ಟರೆ ಅದಕ್ಕಿಂತ ಒಳ್ಳೆಯದು ಸಿಗುತ್ತದೆ ಎಂಬುದು ತಲೆಗೆ ಹೋಗಬೇಕು. ಮುಷ್ಟಿಯಲ್ಲಿ ಕಲಿತ ಮೇಲೆ ನೆಲದ ಮೇಲಿಟ್ಟು, ಆಮೇಲೆ ಹಗ್ಗದಲ್ಲಿ ಹಿಡಿದುಕೊಂಡು ಚಪ್ಪಲಿಯ ಹತ್ತಿರ, ಆಮೇಲೆ ಕೋಳಿಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ಹೀಗೆ ಹೋಗಿ. ಒಂದು ಸಲಕ್ಕೆ ಐದು ನಿಮಿಷ ಸಾಕು, ದಿನಕ್ಕೆ ಮೂರು ನಾಲ್ಕು ಸಲ. ಬಾಯಲ್ಲಿರುವುದನ್ನು ಬಲವಂತದಿಂದ ಕಿತ್ತುಕೊಳ್ಳಬೇಡಿ. ಕಿತ್ತುಕೊಂಡರೆ ಮುಂದಿನ ಸಲ ಅದು ಕಪ್ಪೆಯನ್ನೋ ಹಾವಿನ ತುಂಡನ್ನೋ ಕಚ್ಚಿಕೊಂಡು ಮಂಚದಡಿ ಓಡುತ್ತದೆ.

ಮೂರನೆಯದು ಕರೆದರೆ ಬರುವುದು. ಮೂವತ್ತು ಅಡಿ ನೈಲಾನ್ ಹಗ್ಗ ಕಟ್ಟಿ, ಅಂಗಳದಲ್ಲಿ ಬಿಟ್ಟು, ಹೆಸರು ಕೂಗಿ, ಬಂದಾಗಲೆಲ್ಲ ತಿನ್ನಲು ಕೊಡಿ. ಬಂದ ನಾಯಿಯನ್ನು ಎಂದೂ ಬೈಯಬೇಡಿ, ಬರಲು ಹತ್ತು ನಿಮಿಷ ತೆಗೆದುಕೊಂಡಿದ್ದರೂ ಸರಿ. ಎಷ್ಟೇ ಚೆನ್ನಾಗಿ ಕಲಿತರೂ ವಾಸನೆ ಹಿಡಿದ ಜಾಕ್ ರಸೆಲ್ ನಿಮ್ಮ ಕೂಗನ್ನು ಕೇಳಿಸಿಕೊಳ್ಳುವ ಭರವಸೆಯಿಲ್ಲ. ಹಾಗಾಗಿ ಬೆಟ್ಟ, ತೋಟದಂಚು, ರಸ್ತೆ, ಕಡಲ ದಂಡೆಗಳಲ್ಲಿ ಜೀವನಪೂರ್ತಿ ಹಗ್ಗ ಇರಲೇಬೇಕು. ಕುತ್ತಿಗೆ ಪಟ್ಟಿಗಿಂತ ಎದೆಗೆ ಹಾಕುವ ಪಟ್ಟಿ ಒಳ್ಳೆಯದು. ಬೀದಿಯಲ್ಲಿ ನಾಲ್ಕೈದು ನಾಯಿ ಸುತ್ತುವರಿದಾಗ ಒಂದೇ ಕೈಯಲ್ಲಿ ಮೇಲೆತ್ತಿಕೊಳ್ಳಬಹುದು.

ದಿನಕ್ಕೊಂದು ಕೆಲಸ ಕೊಡಿ

ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ನಡಿಗೆ ಕನಿಷ್ಠ. ಅಷ್ಟರಿಂದ ಕಾಲು ದಣಿಯುತ್ತದೆ, ತಲೆ ದಣಿಯುವುದಿಲ್ಲ. ತಲೆ ದಣಿಯದ ಟೆರಿಯರ್ ಸೋಫಾ ಬಗೆಯುತ್ತದೆ.

ತೋಡುವ ಗುಂಡಿ ಮಾಡಿಕೊಡುವುದು ನನಗೆ ತಿಳಿದ ಅತ್ಯುತ್ತಮ ಉಪಾಯ. ಅಂಗಳದ ಮೂಲೆಯಲ್ಲಿ ನಾಲ್ಕಡಿ ಉದ್ದ, ಮೂರಡಿ ಅಗಲ, ಒಂದೂವರೆ ಅಡಿ ಆಳ ತೆಗೆದು, ಸುತ್ತ ಚಿರೆಕಲ್ಲು ಇಟ್ಟು, ಮಣ್ಣು ಮರಳು ಬೆರೆಸಿ ತುಂಬಿ. ಮಳೆಗಾಲದಲ್ಲೂ ಬಳಸಬೇಕಾದ್ದರಿಂದ ಸೂರಿನಡಿಯ ಜಾಗವಾದರೆ ಅನುಕೂಲ. ಮೊದಲ ದಿನ ಅದು ನೋಡುತ್ತಿರುವಾಗಲೇ ಇಷ್ಟದ ಚೆಂಡನ್ನು ಅರ್ಧ ಹೂಳಿ ‘ತೋಡು’ ಅನ್ನಿ. ಮರುದಿನ ಪೂರ್ತಿ ಹೂಳಿ. ಆಮೇಲೆ ಕಾಣದಂತೆ ಹೂಳಿ. ದಾಸವಾಳದ ಬುಡ ಕೆದಕುವುದು ಕಂಡಾಗ ಗದರಿಸದೆ ಎತ್ತಿಕೊಂಡು ಹೋಗಿ ಗುಂಡಿಯಲ್ಲಿ ಬಿಡಿ. ಕೆಲವು ವಾರಗಳಲ್ಲಿ ಅದೇ ಅಲ್ಲಿಗೆ ಹೋಗತೊಡಗುತ್ತದೆ.

ಮೂಗಿನ ಆಟಕ್ಕೆ ನಮ್ಮ ಮನೆಗಳಲ್ಲಿ ಸಾಮಗ್ರಿ ಬಿದ್ದಿರುತ್ತದೆ. ಮೂರು ತೆಂಗಿನ ಕರಟ ಬೋರಲು ಹಾಕಿ ಒಂದರಡಿ ಬೇಯಿಸಿದ ಮೀನಿನ ಚೂರೋ ಪನೀರಿನ ತುಂಡೋ ಇಡಿ; ಸರಿಯಾದ ಕರಟ ಮೂಸಿ ತೋರಿಸಿದರೆ ತೆಗೆದು ಕೊಡಿ. ಇದು ಸಲೀಸಾದ ಮೇಲೆ ಹತ್ತು ಕರಟ ಮಾಡಿ, ಆಮೇಲೆ ಜಗುಲಿ, ಕೊಟ್ಟಿಗೆಯ ಮೂಲೆ, ಅಡಿಕೆ ಹಾಳೆಯ ಕಟ್ಟಿನ ಹಿಂದೆ ಬಚ್ಚಿಡಿ. ಊಟದ ಒಂದು ಪಾಲನ್ನು ಹೀಗೇ ಹುಡುಕಿ ತಿನ್ನುವಂತೆ ಮಾಡಿದರೂ ಆದೀತು. ಜಡಿಮಳೆಯಲ್ಲಿ ಹೊರಗೆ ಕಾಲಿಡಲಾಗದ ಜುಲೈ ತಿಂಗಳ ದಿನಗಳಲ್ಲಿ ಹದಿನೈದು ನಿಮಿಷದ ಈ ಹುಡುಕಾಟ ಒಂದು ಸಂಜೆಯ ನಡಿಗೆಯಷ್ಟೇ ಅದನ್ನು ದಣಿಸುತ್ತದೆ. ತೆಂಗಿನ ಸಿಪ್ಪೆಯನ್ನು ಮಾತ್ರ ಜಗಿಯಲು ಬಿಡಬೇಡಿ, ನಾರು ಹೊಟ್ಟೆಯಲ್ಲಿ ಉಂಡೆಗಟ್ಟುತ್ತದೆ.

ಬಿಲದ ಅಪಾಯ

ಇಲಿ ಹಿಡಿಯಲೆಂದೇ ಈ ನಾಯಿ ತರುವವರಿದ್ದಾರೆ. ಹಿಡಿಯುತ್ತದೆ, ಹೆಗ್ಗಣವನ್ನೂ ಬಿಡುವುದಿಲ್ಲ. ಆದರೆ ಒಂದು ಮನೆಯಲ್ಲಿ ಇಲಿ ಹಿಡಿಯುವ ನಾಯಿ ಮತ್ತು ಇಲಿ ಪಾಷಾಣ ಎರಡೂ ಇರಬಾರದು. ಬ್ರೊಮಾಡಿಯೊಲೋನ್ ಬಿಲ್ಲೆ ತಿಂದ ಇಲಿಯನ್ನು ನಾಯಿ ತಿಂದರೆ ಮೂರರಿಂದ ಐದು ದಿನ ಏನೂ ಕಾಣಿಸುವುದಿಲ್ಲ, ಆಮೇಲೆ ಒಳಗೊಳಗೇ ರಕ್ತ ಸೋರುತ್ತದೆ. ವಸಡು ಬಿಳಿಚುತ್ತದೆ, ಸುಸ್ತಾಗುತ್ತದೆ. ಬೇಗ ತಿಳಿದರೆ ವಿಟಮಿನ್ ಕೆ1 ಚಿಕಿತ್ಸೆಯಿಂದ ಉಳಿಸಬಹುದು. ಜಿಂಕ್ ಫಾಸ್ಫೈಡ್ ಎಂಬ ಕಪ್ಪು ಪುಡಿಗೆ ಪ್ರತಿವಿಷವೇ ಇಲ್ಲ, ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗುತ್ತದೆ. ಪಕ್ಕದ ತೋಟದವರು ಪಾಷಾಣ ಇಡುತ್ತಾರೆಯೇ ಎಂದು ಕೇಳಿ ತಿಳಿದುಕೊಳ್ಳಿ. ಅನುಮಾನ ಬಂದರೆ ಪಾಷಾಣದ ಪೊಟ್ಟಣದ ಸಮೇತ ಪಶು ಆಸ್ಪತ್ರೆಗೆ ಓಡಿ.

ಇಲಿಯಿಂದ ಬರುವ ಇನ್ನೊಂದು ಕಂಟಕ ಇಲಿ ಜ್ವರ. ಇಲಿ ಮೂತ್ರ ಬೆರೆತ ನೀರು, ಕೆಸರಿನಿಂದ ಹರಡುವ ರೋಗ. ನಮ್ಮ ಮಳೆ, ನಮ್ಮ ಗದ್ದೆ ಇದಕ್ಕೆ ಹೇಳಿ ಮಾಡಿಸಿದ್ದು. ನಾಯಿಗೆ ಜ್ವರ, ವಾಂತಿ, ಕಣ್ಣು ವಸಡು ಹಳದಿ. ಅದರ ಮೂತ್ರದಿಂದ ಮನೆಯವರಿಗೂ ಬರಬಹುದು. ವರ್ಷಕ್ಕೊಮ್ಮೆ ಹಾಕಿಸುವ ಲಸಿಕೆಯಲ್ಲಿ ಈ ರೋಗದ್ದೂ (ಲೆಪ್ಟೊಸ್ಪೈರಾ) ಸೇರಿದೆಯೇ ಎಂದು ಕೇಳಿ, ಮುಂಗಾರಿಗೆ ಮುಂಚೆ ಹಾಕಿಸಿ.

ಹಾವಿನ ವಿಷಯ. ನಾಗರಹಾವು ಕಂಡರೆ ಬೇರೆ ನಾಯಿಗಳು ದೂರ ನಿಂತು ಬೊಗಳುತ್ತವೆ, ಇದು ಹತ್ತಿರ ಹೋಗುತ್ತದೆ. ಕೊಳಕುಮಂಡಲದ ವಿಷಯದಲ್ಲಿ ಇನ್ನೂ ಕಷ್ಟ, ತರಗೆಲೆಯಲ್ಲಿ ಅದು ಬಿದ್ದಿರುವುದೇ ಕಾಣುವುದಿಲ್ಲ. ಕಟ್ಟಿಗೆ ರಾಶಿ, ಹಂಚಿನ ರಾಶಿ, ಹುಲ್ಲುಗೊಣಬೆಯ ಸುತ್ತ ನಾಯಿಯನ್ನು ಒಂಟಿಯಾಗಿ ಬಿಡಬೇಡಿ. ಸಂಜೆ ಹೊರಡುವಾಗ ಕೈಯಲ್ಲಿ ಬ್ಯಾಟರಿ ಇರಲಿ. ಕಚ್ಚಿತೆಂದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಎದೆಪಟ್ಟಿ ಬಿಚ್ಚಿ, ನಡೆಸದೆ ಎತ್ತಿಕೊಂಡು, ಅಲುಗಾಡದಂತೆ ಹಿಡಿದು ಒಯ್ಯಿರಿ. ಮನುಷ್ಯರಿಗೆ ಕೊಡುವ ಪ್ರತಿವಿಷವನ್ನೇ ನಾಯಿಗೂ ಕೊಡುತ್ತಾರೆ. ಎಲ್ಲ ಕಡೆ ಅದು ಸಿಗುವುದಿಲ್ಲ. ನಿಮ್ಮ ತಾಲೂಕಿನಲ್ಲಿ ಯಾರ ಹತ್ತಿರ ಇರುತ್ತದೆ ಎಂಬುದನ್ನು ಇವತ್ತೇ ವಿಚಾರಿಸಿ ನಂಬರು ಬರೆದಿಟ್ಟುಕೊಳ್ಳಿ.

ಬೆಟ್ಟದ ದೊಡ್ಡ ಬಿಲಗಳಲ್ಲಿ ಮುಳ್ಳುಹಂದಿ, ಉಡ, ಚಿಪ್ಪುಹಂದಿ ಇರುತ್ತವೆ. 1972ರ ವನ್ಯಜೀವಿ ಕಾಯ್ದೆ ಇವನ್ನೆಲ್ಲ ರಕ್ಷಿಸುತ್ತದೆ. ನಾಯಿ ಬಿಟ್ಟು ಬೆನ್ನಟ್ಟಿಸುವುದು ಅಪರಾಧ. ಹುರುಪಿಗೆಂದು ಟೆರಿಯರನ್ನು ಬಿಲಕ್ಕೆ ಛೂ ಬಿಡುವವರ ಜೊತೆ ನಿಮ್ಮ ನಾಯಿಯನ್ನು ಕಳಿಸಲೇಬೇಡಿ. ಮುಳ್ಳು ಚುಚ್ಚಿಕೊಂಡು ಬಂದರೆ ಮನೆಯಲ್ಲೇ ಎಳೆಯಲು ಹೋಗಬೇಡಿ, ಒಳಗೆ ಮುರಿದು ಕೀವಾಗುತ್ತದೆ. ವೈದ್ಯರು ಮಂಪರು ಕೊಟ್ಟು ತೆಗೆಯಬೇಕು. ಅಕಸ್ಮಾತ್ ನಾಯಿ ಬಿಲದೊಳಗೆ ಹೋಗಿ ಬರದಿದ್ದರೆ ಹೊಗೆ ಹಾಕಬೇಡಿ, ನೀರು ಹೊಯ್ಯಬೇಡಿ. ಬಿಲದ ಎಲ್ಲ ಬಾಯಿಗಳ ಹತ್ತಿರವೂ ಮೆಲ್ಲಗೆ ಕರೆದು, ಸದ್ದಡಗಿಸಿ ಕಾಯಿರಿ. ಎಷ್ಟೋ ಸಲ ಗಂಟೆಗಳಾದ ಮೇಲೆ ತಾನೇ ಬರುತ್ತದೆ. ಬೊಗಳುವ ದನಿ ಒಂದೇ ಕಡೆ ನಿಂತಿದ್ದರೆ ಮಾತ್ರ, ನೆಲಕ್ಕೆ ಕಿವಿಯಿಟ್ಟು ಜಾಗ ಗುರುತಿಸಿ, ಬದಿಯಿಂದ ಕೈಗುದ್ದಲಿಯಲ್ಲಿ ನಿಧಾನ ಅಗೆಯಿರಿ.

ತೋಟದಂಚಿನ ಉರುಳು, ಕಾಡುಹಂದಿಗೆಂದು ಹಣ್ಣಿನಲ್ಲಿ ಅಡಗಿಸಿಟ್ಟ ಸಿಡಿಮದ್ದು, ಅಕ್ರಮವಾಗಿ ಕರೆಂಟು ಹಾಯಿಸಿದ ತಂತಿ, ಇವು ಬಿಲಕ್ಕಿಂತ ಹೆಚ್ಚು ನಾಯಿಗಳನ್ನು ಕೊಲ್ಲುವ ಶಕ್ತಿಯುಳ್ಳವು. ರಾತ್ರಿ ಚಿರತೆಯ ಭಯವೂ ಇದೆ. ಘಟ್ಟದ ಮೇಲೆ ಕತ್ತಲಾದ ನಂತರ ಈ ನಾಯಿಯ ಜಾಗ ಮನೆಯೊಳಗೆ.

ಕರಾವಳಿಯವರಿಗೆ ಬೇರೆಯದೇ ಒಂದು ಮಾತು. ಡಿಸೆಂಬರಿನಿಂದ ಮಾರ್ಚಿಯವರೆಗೆ ಕಾರವಾರ, ಹೊನ್ನಾವರ ಕಡೆಯ ದಂಡೆಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ರಾತ್ರಿ ಬಂದು ಮರಳಲ್ಲಿ ಮೊಟ್ಟೆಯಿಡುತ್ತವೆ. ಮೊಟ್ಟೆಯೊಡೆಯಲು ಒಂದೂವರೆಯಿಂದ ಎರಡು ತಿಂಗಳು. ಅರಣ್ಯ ಇಲಾಖೆಯವರು, ಮೀನುಗಾರರು ಸೇರಿ ಗೂಡುಗಳಿಗೆ ಬೇಲಿ ಹಾಕಿ ಕಾಯುತ್ತಾರೆ. ತೋಡುವ ನಾಯಿಯೊಂದು ಕೆಲವೇ ನಿಮಿಷದಲ್ಲಿ ಒಂದು ಗೂಡನ್ನು ಬರಿದು ಮಾಡಬಲ್ಲದು. ಆ ತಿಂಗಳುಗಳಲ್ಲಂತೂ ದಂಡೆಯ ಮೇಲೆ ಹಗ್ಗ ಬಿಚ್ಚಲೇಬೇಡಿ. ಬಲೆ ಎಳೆದ ಜಾಗದಲ್ಲಿ ಎಸೆದಿರುವ, ಗಾಳಿ ತುಂಬಿ ಉಬ್ಬುವ ಮೀನು ಕಡು ವಿಷ. ಗಾಳ, ಮುಳ್ಳುಮೀನು ಕೂಡ ಅಲ್ಲೇ ಬಿದ್ದಿರುತ್ತವೆ. ‘ಬಿಡು’ ಕಲಿಸಿದ್ದರ ಬೆಲೆ ಅಲ್ಲಿ ತಿಳಿಯುತ್ತದೆ. ಕುಡಿಯುವ ನೀರು ಒಯ್ಯಿರಿ, ಉಪ್ಪುನೀರು ಕುಡಿದರೆ ವಾಂತಿ ಭೇದಿ. ಮನೆಗೆ ಬಂದ ಮೇಲೆ ಸಿಹಿನೀರಲ್ಲಿ ಮೈ ತೊಳೆಯಿರಿ.

ಉಣುಗು, ಉಂಬಳ, ಮಳೆ, ಸೆಕೆ

ದಿನಾ ಸಂಜೆ ಐದು ನಿಮಿಷ ಮೈ ತಡವಿ ನೋಡುವುದನ್ನು ರೂಢಿ ಮಾಡಿ. ಕಿವಿಯೊಳಗೆ, ಕುತ್ತಿಗೆಯಡಿ, ಕಂಕುಳಲ್ಲಿ, ಕಾಲ್ಬೆರಳ ಸಂದಿಯಲ್ಲಿ ಉಣುಗು ಕೂರುತ್ತದೆ. ಬಿಳಿ ನಾಯಿಯಾದ್ದರಿಂದ ಕಾಣುವುದು ಸುಲಭ. ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ. ಬೆರಳಲ್ಲಿ ಹಿಸುಕಬೇಡಿ, ಸೀಮೆಎಣ್ಣೆ ಹಚ್ಚಬೇಡಿ. ಉಣುಗಿನಿಂದ ಬರುವ ಜ್ವರಕ್ಕೆ ನಾಯಿ ಊಟ ಬಿಡುತ್ತದೆ, ವಸಡು ಬಿಳಿಚುತ್ತದೆ, ಕೆಲವೊಮ್ಮೆ ಮೂಗಿನಿಂದ ರಕ್ತ ಬರುತ್ತದೆ. ಬೇಗ ರಕ್ತಪರೀಕ್ಷೆ ಮಾಡಿಸಿದರೆ ಗುಣವಾಗುವ ಕಾಯಿಲೆ ಅದು. ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ನುಂಗಿಸುವ ಮಾತ್ರೆಗಳು ಬಂದಿವೆ, ತೂಕ ಹಾಕಿಸಿ ವೈದ್ಯರ ಚೀಟಿಯ ಮೇಲೆ ಕೊಡಿ. ದನದ ಉಣುಗಿಗೆ ತಂದ ಔಷಧಿಯನ್ನು ಅಂದಾಜಿನಲ್ಲಿ ನೀರಿಗೆ ಬೆರೆಸಿ ಹಚ್ಚುವುದನ್ನು ಹಳ್ಳಿಗಳಲ್ಲಿ ಈಗಲೂ ಮಾಡುತ್ತಾರೆ. ಐದು ಕಿಲೋ ನಾಯಿಗೆ ಆ ಅಂದಾಜು ಪ್ರಾಣಕ್ಕೆ ಎರವಾಗಬಹುದು.

ಸಿದ್ದಾಪುರ, ಶಿರಸಿ ಕಡೆಯ ಕಾಡಂಚಿನವರು ಮಂಗನ ಕಾಯಿಲೆಯನ್ನೂ ನೆನಪಿಡಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ರೋಗ ಕಾಡಿನ ಉಣುಗಿನಿಂದ ಮನುಷ್ಯರಿಗೆ ಬರುತ್ತದೆ. ಚಳಿಗಾಲದಿಂದ ಮೇವರೆಗೆ ಅದರ ಕಾಲ. ಆಗ ನಾಯಿಯನ್ನು ತರಗೆಲೆ ಬಿದ್ದ ಕಾಡಿಗೆ ಒಯ್ದರೆ ಮೈಮೇಲೆ ಉಣುಗನ್ನು ಮನೆಗೆ ಹೊತ್ತು ತರುತ್ತದೆ. ಸತ್ತ ಮಂಗ ಕಂಡರೆ ನಾಯಿಯನ್ನು ಹತ್ತಿರ ಬಿಡದೆ ಆರೋಗ್ಯ ಇಲಾಖೆಗೆ ತಿಳಿಸಿ.

ಮಳೆಗಾಲದಲ್ಲಿ ಉಂಬಳ ಕಾಲಿಗೆ ಹತ್ತಿದರೆ ಉಪ್ಪು ಹಾಕಿದರೆ ಬಿಡುತ್ತದೆ. ಬಿಲ ಮೂಸುವ ನಾಯಿಯಾದ್ದರಿಂದ ಮೂಗಿನೊಳಗೂ ಹೋಗುತ್ತದೆ. ಒಂದೇ ಹೊಳ್ಳೆಯಿಂದ ರಕ್ತ, ಪದೇಪದೇ ಸೀನು ಬಂದರೆ ಅನುಮಾನಿಸಿ. ಮೂಗಿಗೆ ಉಪ್ಪು, ಸುಣ್ಣ, ಹೊಗೆಸೊಪ್ಪಿನ ನೀರು ಹಾಕುವುದು ಬೇಡ. ಸ್ವಲ್ಪ ಹೊತ್ತು ನೀರು ಕೊಡದೆ ಆಮೇಲೆ ಬಟ್ಟಲಲ್ಲಿ ತಣ್ಣೀರಿಟ್ಟರೆ ಉಂಬಳ ನೀರಿಗಾಗಿ ತಲೆ ಹೊರಹಾಕುವುದುಂಟು. ಆಗ ಚಿಮಟದಿಂದ ಹಿಡಿಯಬಹುದು. ಆಗದಿದ್ದರೆ ವೈದ್ಯರು.

ನೆನೆದು ಬಂದಾಗಲೆಲ್ಲ ಬೆರಳ ಸಂದಿ, ಕಿವಿಯ ಮಡಿಕೆ ಒರೆಸಿ. ಒರಟು ಕೂದಲಿನ ಬಗೆಯಾದರೆ ಎರಡು ಟವೆಲ್ ಬೇಕು. ಒಳಗೆ ತೇವ ಉಳಿದರೆ ಬೂಷ್ಟು ಹಿಡಿದು ತುರಿಕೆ ಶುರುವಾಗುತ್ತದೆ. ಬಚ್ಚಲ ಒಲೆಯ ಹತ್ತಿರ ಗೋಣಿ ಹಾಸಿದರೆ ಅದು ತಾನಾಗಿ ಅಲ್ಲಿ ಹೋಗಿ ಮಲಗಿ ಒಣಗಿಕೊಳ್ಳುತ್ತದೆ. ಕೆಂಡ ಸಿಡಿಯದಷ್ಟು ದೂರ ಇರಲಿ. ಮೀಯಿಸುವುದು ತಿಂಗಳಿಗೊಮ್ಮೆ ಸಾಕು, ವಾರಕ್ಕೆರಡು ಸಲ ಬ್ರಷ್.

ಬೇಸಿಗೆಯಲ್ಲಿ ಕಾರವಾರ, ಅಂಕೋಲೆಯ ಸೆಕೆ ಈ ನಾಯಿಗೆ ಬಯಲುಸೀಮೆಯ ಒಣ ಬಿಸಿಲಿಗಿಂತ ಕಷ್ಟ. ನಾಯಿ ಮೈ ತಣಿಸಿಕೊಳ್ಳುವುದು ಏದುಸಿರಿನಿಂದ, ಗಾಳಿಯಲ್ಲೇ ತೇವ ತುಂಬಿದ್ದರೆ ಅದು ಫಲಿಸುವುದಿಲ್ಲ. ಈ ತಳಿ ದಣಿವಾಯಿತೆಂದು ಆಟ ನಿಲ್ಲಿಸುವುದಿಲ್ಲ, ನೀವೇ ನಿಲ್ಲಿಸಬೇಕು. ಏಳು ಗಂಟೆಯೊಳಗೆ ಬೆಳಗಿನ ನಡಿಗೆ ಮುಗಿಯಲಿ. ಜೊಲ್ಲು ಅಂಟಾಗಿ, ವಸಡು ಕಡುಕೆಂಪಾಗಿ, ತೂರಾಡತೊಡಗಿದರೆ ಮೈಮೇಲೆ ಬಾವಿನೀರು ಹೊಯ್ದು ಫ್ಯಾನ್ ಹಾಕಿ, ಮಂಜುಗಡ್ಡೆಯಲ್ಲಿ ಮುಳುಗಿಸಬೇಡಿ, ಕೂಡಲೇ ಆಸ್ಪತ್ರೆಗೆ ಹೊರಡಿ.

ಊಟ

ಆರು ಕಿಲೋ ತೂಗುವ ಚಟುವಟಿಕೆಯ ನಾಯಿಗೆ ದಿನಕ್ಕೆ ಸುಮಾರು 400 ಕ್ಯಾಲೊರಿ ಸಾಕು. ಒಂದು ಚಪಾತಿಯೇ 100 ಕ್ಯಾಲೊರಿ ಆಗುತ್ತದೆ. ಮನೆಯ ನಾಲ್ಕು ಮಂದಿ ನಾಲ್ಕು ತುತ್ತು ಕೊಟ್ಟರೆ ಮುಗಿಯಿತು. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಕೈಗೆ ಸಿಗಬೇಕು, ಅದು ಅಳತೆ. ಅನ್ನ ಮಜ್ಜಿಗೆ ಮಾತ್ರ ಹಾಕಿದರೆ ಕೆಲಸದ ನಾಯಿಗೆ ಸಾಲದು. ಮಾಂಸ ಮಾಡದ ಮನೆಗಳವರು ಒಳ್ಳೆಯ ಸಿದ್ಧ ಆಹಾರ ತರುವುದೇ ಸರಿ. ಮೀನು ಹಾಕುವವರು ಬೇಯಿಸಿ, ಮುಳ್ಳು ಬಿಡಿಸಿ, ಉಪ್ಪು ಖಾರವಿಲ್ಲದೆ ಹಾಕಿ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಪಾಯಸದ ಒಣದ್ರಾಕ್ಷಿ, ಚಾಕಲೇಟು ವಿಷ. ಜ್ವರಕ್ಕೆಂದು ನಮ್ಮ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರೆಗಳನ್ನು ಕೊಡಲೇಬಾರದು.

ಲಸಿಕೆ, ಕಾಲು, ಕಣ್ಣು

ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದವರೆಗೆ ಮುಂದಿನವು, ಮೂರು ತಿಂಗಳಿಗೆ ರೇಬೀಸ್, ಆಮೇಲೆ ವರ್ಷಕ್ಕೊಮ್ಮೆ. ಬೀದಿನಾಯಿಯ ಜೊತೆ ಜಗಳಕ್ಕೆ ಸದಾ ಸಿದ್ಧವಿರುವ ತಳಿಗೆ ರೇಬೀಸ್ ಲಸಿಕೆ ಒಂದು ದಿನವೂ ತಡವಾಗಬಾರದು. ಜಂತುಹುಳದ ಔಷಧಿ ಮೂರು ತಿಂಗಳಿಗೊಮ್ಮೆ, ಮರಿಗೆ ಅದಕ್ಕಿಂತ ಹೆಚ್ಚು ಸಲ.

ಓಡುತ್ತ ಓಡುತ್ತ ಒಂದು ಹಿಂಗಾಲು ಮಡಚಿ ಮೂರು ಹೆಜ್ಜೆ ಕುಂಟಿ ಮತ್ತೆ ಸರಿಯಾಗುವುದನ್ನು ಆಟವೆಂದುಕೊಳ್ಳಬೇಡಿ. ಮಂಡಿ ಚಿಪ್ಪು ಜಾರುವ ಲಕ್ಷಣ ಅದು. ತೂಕ ಹಿಡಿತದಲ್ಲಿಟ್ಟರೆ ಎಷ್ಟೋ ನಾಯಿಗಳು ಆಪರೇಷನ್ ಇಲ್ಲದೆ ನಿಭಾಯಿಸುತ್ತವೆ.

ಕಣ್ಣಿನ ವಿಷಯ ಇದಕ್ಕಿಂತ ತುರ್ತು. ಈ ತಳಿಯಲ್ಲಿ ಮೂರರಿಂದ ಎಂಟು ವರ್ಷದ ನಡುವೆ ಕಣ್ಣಿನ ಮಸೂರ ತನ್ನ ಜಾಗದಿಂದ ಕಳಚುವ ಆನುವಂಶಿಕ ರೋಗವಿದೆ. ತಂದೆ ತಾಯಿಗೆ ಡಿಎನ್‌ಎ ಪರೀಕ್ಷೆ ಮಾಡಿಸಿದ್ದರೆ ಮರಿಗೆ ಬರುವುದೋ ಇಲ್ಲವೋ ಮೊದಲೇ ತಿಳಿಯುತ್ತದೆ, ಮಾರುವವರನ್ನು ಕೇಳಿ. ಕಣ್ಣು ಇದ್ದಕ್ಕಿದ್ದಂತೆ ಕೆಂಪಾಗಿ, ಮಬ್ಬಾಗಿ, ಬೆಳಕಿಗೆ ಮುಚ್ಚಿಕೊಳ್ಳುತ್ತಿದ್ದರೆ ಧೂಳು ಬಿದ್ದಿರಬೇಕು, ನಾಳೆ ನೋಡೋಣ ಅನ್ನಬೇಡಿ. ಒಳಗೆ ಒತ್ತಡ ಏರಿ ಒಂದೆರಡು ದಿನದಲ್ಲಿ ದೃಷ್ಟಿ ಹೋಗುತ್ತದೆ. ಅದೇ ದಿನ ಪಶುವೈದ್ಯರಿಗೆ ತೋರಿಸಿ. ಊರಿನಲ್ಲಿ ಕಣ್ಣಿನ ಒತ್ತಡ ಅಳೆಯುವ ಸೌಕರ್ಯವಿಲ್ಲದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೋ, ಹುಬ್ಬಳ್ಳಿ ಇಲ್ಲವೇ ಗೋವಾಕ್ಕೋ ಫೋನು ಮಾಡಿ ವಿಚಾರಿಸಿಕೊಂಡು ಆ ರಾತ್ರಿಯೇ ಹೊರಡಿ.